ಪ್ರಾಸ್ಟೇಟ್ ದಪ್ಪ ಆಗಿರೋದಾ, ಇಲ್ಲ ಕ್ಯಾನ್ಸರಾ? ಒಂದೊಂದೇ ಹೆಜ್ಜೆ ಇಟ್ಟು ತಿಳ್ಕೊಳ್ಳೋದು ಹೇಗೆ

ಐವತ್ತು ದಾಟಿದ ಗಂಡಸರು ಇರೋ ಮನೆಗಳಲ್ಲಿ ಇವತ್ತಲ್ಲ ನಾಳೆ ಬರೋ ಪ್ರಶ್ನೆ ಇದು. ಅಪ್ಪ ರಾತ್ರಿ ಮೂರ್ನಾಲ್ಕು ಸಲ ಎದ್ದು ಬಾತ್‌ರೂಮಿಗೆ ಹೋಗ್ತಾರೆ, ಹೋದ್ರೂ ಬೇಗ ಬರಲ್ಲ, ಕೊನೆಗೆ ಒಂದಿನ ಸ್ಕ್ಯಾನಿಂಗ್ ಮಾಡ್ಸಿದ್ರೆ "ಪ್ರಾಸ್ಟೇಟ್ ಎನ್‌ಲಾರ್ಜ್ ಆಗಿದೆ" ಅಂತ ರಿಪೋರ್ಟ್ ಬರುತ್ತೆ. ಅದರ ಫೋಟೋ ಫ್ಯಾಮಿಲಿ ಗ್ರೂಪಿಗೆ ಬಿದ್ದ ತಕ್ಷಣ ಒಬ್ರು ಕ್ಯಾನ್ಸರ್ ಇರ್ಬೋದು ಅಂತ ಹೆದರಿಸ್ತಾರೆ, ಇನ್ನೊಬ್ರು ವಯಸ್ಸಾದ್ಮೇಲೆ ಎಲ್ಲರಿಗೂ ಆಗುತ್ತೆ ಬಿಡಿ ಅಂತ ಸಮಾಧಾನ ಮಾಡ್ತಾರೆ. ಹೆದರಿಸೋದೂ ಬೇಡ, ಸುಮ್ನೆ ಬಿಡೋದೂ ಬೇಡ. ಪರೀಕ್ಷೆಗಳನ್ನ ಒಂದು ಕ್ರಮದಲ್ಲಿ ಮಾಡ್ಸಿದ್ರೆ ಬಹಳಷ್ಟು ಜನಕ್ಕೆ ಉತ್ತರ ಸ್ಪಷ್ಟವಾಗೇ ಸಿಗುತ್ತೆ, ಆ ಕ್ರಮ ಏನು ಅಂತ ಇಲ್ಲಿ ಬರೀತಿದೀನಿ.

ಎಲ್ಲಕ್ಕಿಂತ ಮುಂಚೆ ಒಂದ್ ವಿಷಯ ಗಟ್ಟಿಯಾಗಿ ತಲೇಲಿ ಇಟ್ಕೊಳ್ಳಿ. ಉಚ್ಚೆ ತೊಂದ್ರೆ ಎಷ್ಟಿದೆ ಅನ್ನೋದರ ಮೇಲೆ ಕ್ಯಾನ್ಸರ್ ಇದ್ಯೋ ಇಲ್ವೋ ಅಂತ ಹೇಳಕ್ಕಾಗಲ್ಲ. ತುಂಬಾ ತೊಂದ್ರೆ ಇದ್ರೆ ಕ್ಯಾನ್ಸರ್, ಸ್ವಲ್ಪ ಇದ್ರೆ ಮಾಮೂಲಿ ಅನ್ನೋ ಲೆಕ್ಕ ಪೂರ್ತಿ ತಪ್ಪು.

ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಈ ಗ್ರಂಥಿ ಎಲ್ಲಿದೆ ಅಂತ ನೋಡ್ಬೇಕು. ಪ್ರಾಸ್ಟೇಟ್ ಇರೋದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ. ವಯಸ್ಸಿನ ಹುಡುಗರಲ್ಲಿ ಸುಮಾರು 20 ಗ್ರಾಂ ತೂಗುತ್ತೆ ಅಷ್ಟೇ, ವೀರ್ಯದ ದ್ರವದಲ್ಲಿ ಒಂದು ಪಾಲು ತಯಾರು ಮಾಡೋದು ಇದರ ಕೆಲಸ. ಉಚ್ಚೆ ಹೊರಗೆ ಬರೋ ನಾಳ ಈ ಗ್ರಂಥಿಯ ಮಧ್ಯದಿಂದಲೇ ಹಾದು ಬರುತ್ತೆ. ವಯಸ್ಸಾದ ಹಾಗೆ ಸಾಮಾನ್ಯವಾಗಿ ದಪ್ಪ ಆಗೋದು ಆ ನಾಳದ ಸುತ್ತ ಇರೋ ಒಳಭಾಗ, ಡಾಕ್ಟ್ರು ಬಿಪಿಎಚ್ ಅನ್ನೋದು ಇದಕ್ಕೇ. ನಾಳದ ಪಕ್ಕದಲ್ಲೇ ಬೆಳೆಯೋದ್ರಿಂದ ಬೇಗ ಒತ್ತುತ್ತೆ, ಉಚ್ಚೆ ತಡೆಯುತ್ತೆ. ಕ್ಯಾನ್ಸರ್ ಹೆಚ್ಚಾಗಿ, ಅಂದ್ರೆ ನೂರರಲ್ಲಿ ಸುಮಾರು 70 ಜನಕ್ಕೆ, ಶುರುವಾಗೋದು ಹೊರಭಾಗದಲ್ಲಿ, ಹಿಂದೆ ಗುದನಾಳದ ಕಡೆಗೆ. ಅಲ್ಲಿ ಗಂಟು ಬೆಳೆದ್ರೂ ಉಚ್ಚೆನಾಳಕ್ಕೆ ಬಹಳ ದಿನ ಏನೂ ಗೊತ್ತಾಗಲ್ಲ. ಹಂಗಾಗಿ ಶುರುವಿನ ಕ್ಯಾನ್ಸರ್ ಇರೋ ಮನುಷ್ಯ ಆರಾಮಾಗಿ ಉಚ್ಚೆ ಹೊಯ್ತಾ ಓಡಾಡ್ಕೊಂಡಿರ್ಬೋದು, ಬರೀ ಗ್ರಂಥಿ ದಪ್ಪ ಆಗಿರೋರು ರಾತ್ರಿಯೆಲ್ಲಾ ನಿದ್ದೆ ಇಲ್ದೆ ಒದ್ದಾಡ್ಬೋದು.

ಇನ್ನೊಂದು ಮಾತು, ದಪ್ಪ ಆಗಿರೋ ಗ್ರಂಥಿ ಮುಂದೆ ಕ್ಯಾನ್ಸರ್ ಆಗಿ ತಿರುಗಲ್ಲ. ಆದ್ರೆ ಒಬ್ಬರಿಗೇ ಎರಡೂ ಒಟ್ಟಿಗೆ ಇರ್ಬೋದು. 60ರ ಹೊತ್ತಿಗೆ ಗಂಡಸರಲ್ಲಿ ಸುಮಾರು ಅರ್ಧ ಜನಕ್ಕೆ ಈ ದಪ್ಪ ಆಗೋದು ಶುರುವಾಗಿರುತ್ತೆ, ಎಂಬತ್ತು ದಾಟಿದೋರಲ್ಲಿ ಬಹುತೇಕ ಎಲ್ಲರಿಗೂ ಇರುತ್ತೆ. ಆದ್ರಿಂದ "ಬಿಪಿಎಚ್ ಇದೆ ಅಂದ್ರಲ್ಲ, ಹಂಗಾದ್ರೆ ಕ್ಯಾನ್ಸರ್ ಇಲ್ಲ" ಅಂತ ಅಂದ್ಕೊಳ್ಳೋದೂ ಸರಿಯಲ್ಲ.

ಹೆಜ್ಜೆ 1: ಏನೇನಾಗ್ತಿದೆ ಅಂತ ಬರೆದಿಡಿ

ಲಕ್ಷಣ ನೋಡಿ ಕ್ಯಾನ್ಸರ್ ಹೇಳಕ್ಕಾಗಲ್ಲ ಅಂದ್ಮೇಲೆ ಬರೆಯೋದ್ಯಾಕೆ ಅಂತ ಕೇಳ್ಬೋದು. ತೊಂದ್ರೆ ಎಷ್ಟಿದೆ, ಕಾರಣ ಪ್ರಾಸ್ಟೇಟೇನಾ ಬೇರೆ ಏನಾದ್ರೂನಾ ಅಂತ ಡಾಕ್ಟ್ರಿಗೆ ಗೊತ್ತಾಗೋದು ಇದರಿಂದನೇ. ಎರಡ್ಮೂರು ದಿನ ಒಂದು ಹಳೇ ಅಳತೆ ಜಗ್ ಬಾತ್‌ರೂಮಲ್ಲಿಟ್ಟು ಎಷ್ಟು ಗಂಟೆಗೆ ಎಷ್ಟು ಎಂಎಲ್ ಹೋಯ್ತು, ಏನು ಎಷ್ಟು ಕುಡಿದ್ರು ಅಂತ ಬರೆದಿಡಿ. ಪ್ರತಿ ಸಲ ಸ್ವಲ್ಪ ಸ್ವಲ್ಪನೇ ಆದ್ರೆ ಅದು ಒಂದು ಕಥೆ, ಪ್ರತಿ ಸಲ 400 ಎಂಎಲ್ ಹೋಗ್ತಿದ್ರೆ ಅದು ಬೇರೆನೇ ಕಥೆ, ಆವಾಗ ಶುಗರ್ ಕಡೆ ನೋಡ್ಬೇಕು, ಇಲ್ಲಾ ರಾತ್ರಿ ಮಲಗೋಕೆ ಮುಂಚೆ ಎರಡು ದೊಡ್ಡ ಲೋಟ ಮಜ್ಜಿಗೆ ಕುಡಿಯೋ ಅಭ್ಯಾಸದ ಕಡೆ ನೋಡ್ಬೇಕು. ಬಿಪಿಗೆ ಕೊಡೋ ನೀರಿಳಿಸೋ ಮಾತ್ರೆ ಸಂಜೆ ತಗೊಂಡ್ರೂ ರಾತ್ರಿ ಏಳೋದು ಜಾಸ್ತಿ ಆಗುತ್ತೆ. ಕಾಲು ಊತ ಇರೋರಿಗೆ ಮಲಗಿದ್ಮೇಲೆ ಆ ನೀರು ಕಿಡ್ನಿಗೆ ಬಂದು ಉಚ್ಚೆ ಆಗುತ್ತೆ.

ಡಾಕ್ಟ್ರ ಹತ್ರ ಐಪಿಎಸ್ಎಸ್ ಅಂತ ಒಂದು ಪ್ರಶ್ನೆ ಹಾಳೆ ಇರುತ್ತೆ, ಏಳು ಪ್ರಶ್ನೆ, ಒಂದೊಂದಕ್ಕೆ 0ಯಿಂದ 5 ಅಂಕ, ಒಟ್ಟು 35. ಪೂರ್ತಿ ಖಾಲಿ ಆಗಲ್ಲ ಅನ್ಸುತ್ತಾ, ಎರಡು ಗಂಟೆ ಒಳಗೆ ಮತ್ತೆ ಹೋಗ್ಬೇಕಾಗುತ್ತಾ, ಮಧ್ಯ ನಿಂತು ನಿಂತು ಬರುತ್ತಾ, ತಡ್ಕೊಳ್ಳೋಕೆ ಕಷ್ಟನಾ, ಧಾರೆ ಸಣ್ಣ ಆಗಿದ್ಯಾ, ತಿಣುಕಬೇಕಾ, ರಾತ್ರಿ ಎಷ್ಟು ಸಲ ಏಳ್ತೀರಾ, ಇಷ್ಟೇ. 7ರ ತನಕ ಸಣ್ಣ ತೊಂದ್ರೆ, 8ರಿಂದ 19 ಮಧ್ಯಮ, 20ರ ಮೇಲೆ ಜೋರು. ನೆನಪಿರ್ಲಿ, ಇದು ತೊಂದ್ರೆ ಅಳೆಯೋ ಅಂಕ, ಕ್ಯಾನ್ಸರ್ ಅಳೆಯೋದಲ್ಲ. 28 ಬಂದೋರಿಗೆ ಕ್ಯಾನ್ಸರ್ ಇಲ್ದೆ ಇರ್ಬೋದು, 3 ಬಂದೋರಿಗೆ ಇರ್ಬೋದು.

ಮನೆಯವರಿಗೂ ಒಂದ್ಮಾತು. ನಮ್ಮ ಹಿರಿಯರು ಈ ವಿಷಯನ ಮಕ್ಕಳ ಹತ್ರ ಹೇಳಲ್ಲ, ಸೊಸೆಯಂದಿರ ಮುಂದೆ ಅಂತೂ ಬಾಯೇ ಬಿಡಲ್ಲ. ಮದುವೆ ಮನೆಗೆ ಬರಲ್ಲ ಅಂತಾರೆ, ಬಸ್ಸಲ್ಲಿ ದೂರ ಹೋಗಲ್ಲ ಅಂತಾರೆ, ಮಧ್ಯಾಹ್ನದ ಮೇಲೆ ನೀರೇ ಕುಡಿಯಲ್ಲ. ಅಮ್ಮನ್ನ ಕೇಳಿದ್ರೆ ರಾತ್ರಿ ಎಷ್ಟು ಸಲ ಲೈಟ್ ಹಾಕ್ತಾರೆ ಅಂತ ಸರಿಯಾಗಿ ಹೇಳ್ತಾರೆ.

ಹೆಜ್ಜೆ 2: ಕಾಯೋ ಹಾಗಿಲ್ಲದ್ದು ಯಾವುದು

ಉಚ್ಚೆ ಪೂರ್ತಿ ಕಟ್ಕೊಂಡು ಹೊಟ್ಟೆ ಕೆಳಗೆ ಉಬ್ಬಿ ನೋವಾಗ್ತಿದ್ರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ, ಟ್ಯೂಬ್ ಹಾಕಿ ತೆಗೀತಾರೆ. ನೆಗಡಿ ಮಾತ್ರೆ ತಗೊಂಡ ರಾತ್ರಿನೇ ಹೀಗಾಗೋದು ಹೊಸದೇನಲ್ಲ, ಕೆಲವು ನೆಗಡಿ ಅಲರ್ಜಿ ಮಾತ್ರೆಗಳು ಮೂತ್ರಕೋಶದ ಬಲ ಕಮ್ಮಿ ಮಾಡ್ತವೆ, ಇಲ್ಲಾ ಅದರ ಬಾಯಿ ಬಿಗಿ ಮಾಡ್ತವೆ, ಹಾಗಾಗಿ ಪ್ರಾಸ್ಟೇಟ್ ದಪ್ಪ ಇರೋರು ಅಂಗಡಿಯಿಂದ ಸುಮ್ನೆ ತಂದು ನುಂಗ್ಬೇಡಿ. ಉಚ್ಚೆ ತೊಂದ್ರೆ ಜೊತೆ ಚಳಿಜ್ವರ ಬಂದ್ರೂ ಅವತ್ತೇ ತೋರ್ಸಿ.

ಉಚ್ಚೇಲಿ ರಕ್ತ ಕಂಡ್ರೆ, ನೋವಿಲ್ದೇ ಒಂದೇ ಒಂದ್ ಸಲ ಬಂದು ನಿಂತಿದ್ರೂ, ಬಿಡ್ಬೇಡಿ. ಅದು ಪ್ರಾಸ್ಟೇಟಿಂದ ಇರ್ಬೋದು, ಕಲ್ಲಿಂದ ಇರ್ಬೋದು, ಮೂತ್ರಕೋಶದ ಕ್ಯಾನ್ಸರ್ ಕೂಡ ಇರ್ಬೋದು, ಬೀಡಿ ಸಿಗರೇಟ್ ಸೇದೋರಿಗೆ ಅದರ ಅಪಾಯ ಜಾಸ್ತಿ. ಸೊಂಟ ಬೆನ್ನುಮೂಳೆಯಲ್ಲಿ ಮಲಗಿದ್ರೂ ಕಮ್ಮಿ ಆಗದ ನೋವು, ಕಾರಣ ಇಲ್ದೆ ತೂಕ ಇಳಿಯೋದು ಇದ್ರೆ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹೋಗಿದ್ಯಾ ಅಂತ ನೋಡ್ಲೇಬೇಕು. ಬೆನ್ನು ನೋವಿನ ಜೊತೆ ಕಾಲು ಸೋಲೋಕೆ ಶುರುವಾದ್ರೆ, ಜೋಮು ಹಿಡಿದ್ರೆ, ನಾಳೆ ನೋಡೋಣ ಅನ್ಬೇಡಿ, ಗಂಟೆಗಳ ಲೆಕ್ಕ ಅದು, ತಡ ಆದ್ರೆ ಕಾಲು ವಾಪಸ್ ಬರದೇ ಹೋಗ್ಬೋದು.

ಹೆಜ್ಜೆ 3: ಉಚ್ಚೆ ಪರೀಕ್ಷೆ, ಶುಗರ್, ಸ್ಕ್ಯಾನಿಂಗ್

ಮಾಮೂಲಿ ಉಚ್ಚೆ ಪರೀಕ್ಷೆ ಮೊದಲು ಮಾಡ್ಸಿ, ಇನ್‌ಫೆಕ್ಷನ್ ಇದ್ರೆ ಗೊತ್ತಾಗುತ್ತೆ, ಮುಂದೆ ಮಾಡೋ ಪಿಎಸ್ಎ ರಕ್ತ ಪರೀಕ್ಷೆಗೂ ಅದು ಬೇಕು. ಶುಗರ್, ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯಾಟಿನಿನ್ ಜೊತೆಗೆ. ಆಮೇಲೆ ಹೊಟ್ಟೆ ಸ್ಕ್ಯಾನಿಂಗ್.

ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಹೆದರೋರೇ ಜಾಸ್ತಿ, ಅದಕ್ಕೆ ಒಂದು ಉದಾಹರಣೆ ತಗೊಂಡು ಓದೋಣ. ರಿಪೋರ್ಟಲ್ಲಿ ಪ್ರಾಸ್ಟೇಟ್ 4.6, 4.2, 4.4 ಸೆಂಟಿಮೀಟರ್, ವಾಲ್ಯೂಮ್ 44 ಸಿಸಿ, ಗ್ರೇಡ್ 2 ಪ್ರಾಸ್ಟೇಟೊಮೆಗಲಿ, ಪೋಸ್ಟ್ ವಾಯ್ಡ್ 60 ಎಂಎಲ್ ಅಂತ ಇದೆ ಅನ್ಕೊಳ್ಳಿ. ಆ ಮೂರು ಅಳತೆ ಗುಣಿಸಿ 0.52ರಿಂದ ಗುಣಿಸಿದ್ರೆ 44 ಬರುತ್ತೆ, ಒಂದು ಸಿಸಿ ಅಂದ್ರೆ ಸುಮಾರು ಒಂದು ಗ್ರಾಂ, ಅಲ್ಲಿಗೆ ಗ್ರಂಥಿ ಇರ್ಬೇಕಾದ್ದಕ್ಕಿಂತ ಎರಡು ಪಟ್ಟು ಆಗಿದೆ. ಗ್ರೇಡ್ 2 ಅನ್ನೋದು ಗಾತ್ರದ ಗ್ರೇಡ್ ಅಷ್ಟೇ, ಕ್ಯಾನ್ಸರಿನ ಸ್ಟೇಜ್ ಅಲ್ಲವೇ ಅಲ್ಲ! ಈ ಒಂದು ಪದಕ್ಕೆ ಎಷ್ಟೋ ಮನೇಲಿ ಊಟ ಬಿಟ್ಟು ಕೂತಿರ್ತಾರೆ. 60 ಎಂಎಲ್ ಅಂದ್ರೆ ಉಚ್ಚೆ ಹೋಗಿ ಬಂದ್ಮೇಲೂ ಒಳಗೆ ಉಳಿದಿರೋದು, 50ರ ಒಳಗಿದ್ರೆ ಚೆನ್ನಾಗಿದೆ ಅಂತ ಲೆಕ್ಕ, 60 ಅಂದ್ರೆ ಸ್ವಲ್ಪ ಉಳೀತಿದೆ, ಇನ್ನೂರು ಮುನ್ನೂರು ಅಂದ್ರೆ ಕಿಡ್ನಿ ಕಡೆ ಗಮನ ಕೊಡ್ಬೇಕು. ಹೊಟ್ಟೆ ಮೇಲಿಂದ ಮಾಡೋ ಈ ಸ್ಕ್ಯಾನಿಂಗ್ ಗಾತ್ರ ಹೇಳುತ್ತೆ, ಕ್ಯಾನ್ಸರ್ ಇದೆ ಇಲ್ಲ ಅಂತ ಹೇಳಲ್ಲ. 90 ಸಿಸಿ ಗ್ರಂಥೀಲಿ ಕ್ಯಾನ್ಸರ್ ಇಲ್ದೆ ಇರ್ಬೋದು, 22 ಸಿಸಿ ಗ್ರಂಥೀಲಿ ಇರ್ಬೋದು.

ಹೆಜ್ಜೆ 4: ಬೆರಳಿನ ಪರೀಕ್ಷೆ ತಪ್ಪಿಸ್ಕೋಬೇಡಿ

ನಾಚ್ಕೊಂಡು ಬಿಟ್ಬಿಡೋದು ಇದನ್ನೇ. ಮೂರು ಸ್ಕ್ಯಾನ್ ಬೇಕಾದ್ರೆ ಮಾಡ್ಸ್ತೀವಿ, ಇದು ಮಾತ್ರ ಬೇಡ ಅಂತಾರೆ. ಕ್ಯಾನ್ಸರ್ ಹೆಚ್ಚಾಗಿ ಬರೋದು ಗ್ರಂಥಿಯ ಹಿಂಭಾಗದಲ್ಲಿ ಅಂದ್ನಲ್ಲ, ಗುದದ್ವಾರದಿಂದ ಬೆರಳಿಗೆ ಸಿಗೋದು ಸರಿಯಾಗಿ ಅದೇ ಭಾಗ. ಎಡಮಗ್ಗುಲಿಗೆ ಮಲಗಿ ಮಂಡಿ ಎದೆ ಕಡೆ ಮಡಚ್ಕೋಬೇಕು, ಡಾಕ್ಟ್ರು ಗ್ಲೌಸ್ ಹಾಕಿ ಜೆಲ್ಲಿ ಹಚ್ಚಿ ಒಂದು ಬೆರಳು ಹಾಕಿ ನೋಡ್ತಾರೆ, ಒಂದು ನಿಮಿಷ ಕೂಡ ಹಿಡಿಯಲ್ಲ. ಉಸಿರು ನಿಧಾನಕ್ಕೆ ಬಿಡ್ತಾ ಮೈ ಸಡಿಲ ಮಾಡ್ಕೊಂಡ್ರೆ ಮುಜುಗರ ಬಿಟ್ರೆ ನೋವೇನಿಲ್ಲ.

ಡಾಕ್ಟ್ರ ಬೆರಳಿಗೆ ಏನು ಗೊತ್ತಾಗುತ್ತೆ ಅಂತ ನಿಮ್ಮ ಕೈಯಲ್ಲೇ ನೋಡ್ಕೋಬೋದು. ಮುಷ್ಟಿ ಬಿಗಿಯಾಗಿ ಹಿಡಿದು ಹೆಬ್ಬೆರಳ ಬುಡದ ಮಾಂಸದ ದಿಂಡು ಒತ್ತಿ ನೋಡಿ, ಮೆತ್ತಗಿದ್ರೂ ಪುಟಿಯುತ್ತೆ, ಬರೀ ದಪ್ಪ ಆಗಿರೋ ಗ್ರಂಥಿ ಹಾಗಿರುತ್ತೆ, ನುಣುಪಾಗಿ ಎರಡೂ ಕಡೆ ಸಮ. ಈಗ ಬೆರಳ ಗಿಣ್ಣು ಒತ್ತಿ. ಅಷ್ಟು ಗಟ್ಟಿಯಾಗಿ ಒಂದು ಕಡೆ ಗಂಟು ಸಿಕ್ಕಿದ್ರೆ, ಇಲ್ಲಾ ಒಂದು ಪಕ್ಕ ಇನ್ನೊಂದಕ್ಕಿಂತ ಬೇರೆ ಥರ ಇದ್ರೆ, ಪಿಎಸ್ಎ ಎಷ್ಟೇ ಕಮ್ಮಿ ಇದ್ರೂ ಮುಂದಿನ ಪರೀಕ್ಷೆ ಆಗ್ಲೇಬೇಕು. ಒತ್ತಿದಾಗ ತಡ್ಕೊಳ್ಳಕ್ಕಾಗದಷ್ಟು ನೋವಾದ್ರೆ ಅದು ಹೆಚ್ಚಾಗಿ ಇನ್‌ಫೆಕ್ಷನ್. ಬೆರಳಿಗೆ ಎಲ್ಲಾ ಗಂಟೂ ಸಿಗಲ್ಲ ಅನ್ನೋದೂ ನಿಜ, ಸಣ್ಣದು, ಮುಂಭಾಗದ್ದು ತಪ್ಪಿ ಹೋಗುತ್ತೆ, ಅದಕ್ಕೇ ಪಿಎಸ್ಎ ಜೊತೇಲಿ ಬೇಕು.

ಹೆಜ್ಜೆ 5: ಪಿಎಸ್ಎ ರಕ್ತ ಪರೀಕ್ಷೆ, ಸರಿಯಾದ ಹೊತ್ತಲ್ಲಿ

ಪಿಎಸ್ಎ ಅಂದ್ರೆ ಪ್ರಾಸ್ಟೇಟ್ ತಯಾರಿಸೋ ಒಂದು ಪ್ರೋಟೀನ್, ಸ್ವಲ್ಪ ರಕ್ತಕ್ಕೂ ಸೋರುತ್ತೆ. ಕ್ಯಾನ್ಸರ್ ಇದ್ರೆ ಏರುತ್ತೆ, ಆದ್ರೆ ಗ್ರಂಥಿ ದಪ್ಪ ಆದ್ರೂ ಏರುತ್ತೆ, ಇನ್‌ಫೆಕ್ಷನ್ ಆದ್ರಂತೂ ಸಿಕ್ಕಾಪಟ್ಟೆ ಏರುತ್ತೆ. ಇದು ಪ್ರಾಸ್ಟೇಟಿನ ಪರೀಕ್ಷೆ, ಕ್ಯಾನ್ಸರಿನ ಪರೀಕ್ಷೆ ಅಂತ ಅಂದ್ಕೋಬೇಡಿ.

ಅರ್ಧಕ್ಕರ್ಧ ಗಾಬರಿ ಹುಟ್ಟೋದು ತಪ್ಪು ಹೊತ್ತಲ್ಲಿ ರಕ್ತ ಕೊಟ್ಟು. ಉಚ್ಚೆ ಇನ್‌ಫೆಕ್ಷನ್ ಆಗಿದ್ರೆ ವಾಸಿಯಾಗಿ ಆರು ವಾರ ಕಳೀಲಿ. ಉಚ್ಚೆ ಕಟ್ಟಿ ಟ್ಯೂಬ್ ಹಾಕಿರೋ ಸಮಯದಲ್ಲಿ ಮಾಡ್ಸಿದ ಪಿಎಸ್ಎ ನಂಬಕ್ಕಾಗಲ್ಲ. ರಕ್ತ ಕೊಡೋ ಹಿಂದಿನ ಎರಡು ದಿನ ವೀರ್ಯ ಹೋಗೋ ಯಾವುದೂ ಬೇಡ, ದೂರದ ಸೈಕ್ಲಿಂಗ್ ಬೇಡ. ಇದನ್ನ ಲ್ಯಾಬಲ್ಲಿ ಯಾರೂ ಕೇಳಲ್ಲ, ನಾವೇ ನೆನಪಿಟ್ಕೋಬೇಕು.

ಇನ್ನು ಮಾತ್ರೆ ವಿಷಯ, ಇದನ್ನ ದಯವಿಟ್ಟು ಎರಡು ಸಲ ಓದಿ. ಫಿನಾಸ್ಟರೈಡ್, ಡ್ಯೂಟಾಸ್ಟರೈಡ್ ಅನ್ನೋ ಮಾತ್ರೆಗಳು ಗ್ರಂಥಿ ಕುಗ್ಗಿಸ್ತವೆ, ಸುಮಾರು ಆರು ತಿಂಗಳು ತಗೊಂಡ್ಮೇಲೆ ಪಿಎಸ್ಎನೂ ಅರ್ಧಕ್ಕೆ ಇಳಿಯುತ್ತೆ. ಹಂಗಾಗಿ ರಿಪೋರ್ಟಲ್ಲಿ 3 ಬಂದ್ರೆ ಅದನ್ನ 6 ಅಂತ ಓದ್ಬೇಕು. ಉಚ್ಚೆ ಸರಾಗ ಮಾಡೋ ಟ್ಯಾಮ್ಸುಲೋಸಿನ್ ಜೊತೆ ಡ್ಯೂಟಾಸ್ಟರೈಡ್ ಒಂದೇ ಕ್ಯಾಪ್ಸೂಲಲ್ಲಿ ಸೇರಿ ಬರುತ್ತೆ, ತಗೊಳ್ತಿರೋರಿಗೇ ಅದು ಗೊತ್ತಿರಲ್ಲ. ಕೂದಲು ಉದುರೋಕೆ ತಗೊಳ್ಳೋ 1 ಎಂಜಿ ಫಿನಾಸ್ಟರೈಡ್‌ಗೂ ಇದೇ ಲೆಕ್ಕ. ಮಾತ್ರೆ ಶೀಟೇ ಡಾಕ್ಟ್ರ ಟೇಬಲ್ ಮೇಲೆ ಇಡಿ. ಮಾತ್ರೆ ತಗೊಳ್ತಾ ಇರೋವಾಗ ಇಳಿದಿದ್ದ ಪಿಎಸ್ಎ ಮತ್ತೆ ಏರೋಕೆ ಶುರುವಾದ್ರೆ, ನಂಬರ್ 4ರ ಒಳಗಿದ್ರೂ ಅದು ಎಚ್ಚರಿಕೆನೇ.

ಈಗ ನಂಬರ್. ಲ್ಯಾಬ್ ರಿಪೋರ್ಟಲ್ಲಿ 4 ನ್ಯಾನೋಗ್ರಾಂ ತನಕ ನಾರ್ಮಲ್ ಅಂತ ಇರುತ್ತೆ. 4ರಿಂದ 10ರ ಮಧ್ಯ ಬಂದೋರಲ್ಲಿ ಬಯಾಪ್ಸಿ, ಅಂದ್ರೆ ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡೋ ಪರೀಕ್ಷೆ, ಮಾಡಿದ್ರೆ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತೆ, ಮೂರು ಜನಕ್ಕೆ ಸಿಗಲ್ಲ. 10 ದಾಟಿದ್ರೆ ಅರ್ಧಕ್ಕಿಂತ ಜಾಸ್ತಿ. ಆದ್ರೆ 4ರ ಒಳಗಿದ್ರೆ ನಿಶ್ಚಿಂತೆ ಅಂತಲೂ ಇಲ್ಲ, 2004ರಲ್ಲಿ ಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 4ರ ಒಳಗಿದ್ದೋರಿಗೂ ಬಯಾಪ್ಸಿ ಮಾಡಿ ನೋಡಿದ್ರೆ ನೂರಕ್ಕೆ ಸುಮಾರು 15 ಜನಕ್ಕೆ ಕ್ಯಾನ್ಸರ್ ಇತ್ತು, ಅದರಲ್ಲಿ ಹೆಚ್ಚಿನವು ಜೋರಿಲ್ಲದವು. ವಯಸ್ಸಿನ ಪ್ರಕಾರನೂ ಬದಲಾಗುತ್ತೆ, 45ರವರಿಗೆ 3.5 ಬಂದ್ರೆ ಯೋಚಿಸ್ಬೇಕು, 75ರವರಿಗೆ 5 ಬಂದ್ರೆ ಅಷ್ಟೊಂದು ತಲೆ ಕೆಡಿಸ್ಕೋಬೇಕಾಗಿಲ್ಲ.

ಹಂಗಾಗಿ ಒಂದು ನಂಬರ್ ಹಿಡ್ಕೊಂಡು ಕೂರ್ಬೇಡಿ. ಏರಿದ್ರೆ ಕೆಲವು ವಾರ ಬಿಟ್ಟು ಅದೇ ಲ್ಯಾಬಲ್ಲಿ ಇನ್ನೊಂದ್ ಸಲ ಮಾಡ್ಸಿ, ಎಷ್ಟೋ ಸಲ ಇಳಿದಿರುತ್ತೆ. ಆಮೇಲೆ ಗಾತ್ರದ ಜೊತೆ ಸೇರ್ಸಿ ನೋಡಿ. ಮೇಲಿನ ಉದಾಹರಣೆಯ 44 ಸಿಸಿ ಗ್ರಂಥಿಯವರಿಗೆ ಪಿಎಸ್ಎ 5.2 ಬಂತು ಅನ್ಕೊಳ್ಳಿ, 5.2ನ್ನ 44ರಿಂದ ಭಾಗಿಸಿದ್ರೆ 0.12 ಬರುತ್ತೆ. ಅದೇ 5.2 ಇನ್ನೊಬ್ಬರಿಗೆ 25 ಸಿಸಿ ಗ್ರಂಥೀಲಿ ಬಂದ್ರೆ 0.21. ಇದಕ್ಕೆ ಪಿಎಸ್ಎ ಡೆನ್ಸಿಟಿ ಅಂತಾರೆ, 0.15 ದಾಟಿದ್ರೆ ಅನುಮಾನ ಜಾಸ್ತಿ. ಇಬ್ಬರಿಗೂ ರಕ್ತದ ನಂಬರ್ ಒಂದೇ, ಆದ್ರೆ ಮೊದಲನೆಯವರಲ್ಲಿ ದಪ್ಪ ಗ್ರಂಥಿನೇ ಆ ಏರಿಕೆಗೆ ಲೆಕ್ಕ ಕೊಡುತ್ತೆ, ಎರಡನೆಯವರಲ್ಲಿ ಲೆಕ್ಕ ಕೂಡಲ್ಲ. 4ರಿಂದ 10ರ ಮಧ್ಯ ಇರೋರಿಗೆ ಫ್ರೀ ಪಿಎಸ್ಎ ಅಂತ ಇನ್ನೊಂದು ಪರೀಕ್ಷೆ ಇದೆ, ಒಟ್ಟು ಪಿಎಸ್ಎಲಿ ಬಿಡಿಯಾಗಿ ಓಡಾಡೋ ಪಾಲು ಎಷ್ಟು ಅಂತ ನೋಡೋದು, ಅದು ಶೇಕಡಾ 25ಕ್ಕಿಂತ ಮೇಲೆ ಬಂದ್ರೆ ಬರೀ ದಪ್ಪ ಆಗಿರೋ ಸಾಧ್ಯತೆ ಹೆಚ್ಚು, 10ಕ್ಕಿಂತ ಕೆಳಗೆ ಬಂದ್ರೆ ಕ್ಯಾನ್ಸರಿನದ್ದು ಹೆಚ್ಚು.

ಹೆಜ್ಜೆ 6: ಎಂಆರ್‌ಐ

ಬೆರಳಿಗೆ ಗಂಟು ಸಿಕ್ಕಿದ್ರೆ, ಇಲ್ಲಾ ಪಿಎಸ್ಎ ಅನುಮಾನ ಹುಟ್ಟಿಸಿದ್ರೆ ಈಗ ಎಂಆರ್‌ಐ ಮೊದಲು, ಬಯಾಪ್ಸಿ ಆಮೇಲೆ. ಹಿಂದೆಲ್ಲ ನೇರ ಸೂಜಿನೇ ಹಾಕ್ತಿದ್ರು. 2018ರಲ್ಲಿ ಬಂದ ಪ್ರಿಸಿಷನ್ ಅನ್ನೋ ಅಧ್ಯಯನದಲ್ಲಿ ಎಂಆರ್‌ಐ ಮೊದಲು ಮಾಡಿದೋರಲ್ಲಿ ನೂರಕ್ಕೆ 28 ಜನಕ್ಕೆ ಬಯಾಪ್ಸಿ ಮಾಡೋ ಪ್ರಸಂಗನೇ ಬರ್ಲಿಲ್ಲ, ಮೇಲಾಗಿ ಜೋರಾದ ಕ್ಯಾನ್ಸರ್‌ಗಳು ಸಿಕ್ಕಿದ್ದೂ ಇವರಲ್ಲೇ ಹೆಚ್ಚು. ರಿಪೋರ್ಟಲ್ಲಿ ಪೈರಾಡ್ಸ್ ಅಂತ 1ರಿಂದ 5ರ ತನಕ ಅಂಕ ಇರುತ್ತೆ. 1, 2 ಅಂದ್ರೆ ಅನುಮಾನ ಕಮ್ಮಿ, 3 ಅಂದ್ರೆ ಆಕಡೆನೂ ಇಲ್ಲ ಈಕಡೆನೂ ಇಲ್ಲ, 4, 5 ಬಂದ್ರೆ ಬಯಾಪ್ಸಿ. ಪೇಸ್‌ಮೇಕರ್ ಇದ್ರೆ, ಕಿಡ್ನಿ ತೊಂದ್ರೆ ಇದ್ರೆ ಮುಂಚೆನೇ ಹೇಳಿ. ಎಂಆರ್‌ಐ ಒಳ್ಳೇ ಪರೀಕ್ಷೆನೇ, ಆದ್ರೂ ಕ್ಯಾನ್ಸರ್ ಅಂತ ತೀರ್ಮಾನ ಕೊಡೋದು ಅದಲ್ಲ.

ಹೆಜ್ಜೆ 7: ಬಯಾಪ್ಸಿ

ಕೊನೇ ಮಾತು ಬಯಾಪ್ಸಿದೇ. "ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತೆ" ಅಂತ ನಮ್ಮೂರುಗಳಲ್ಲಿ ಹೇಳೋದಿದೆ, ಆ ಮಾತಿಗೆ ಹೆದರಿ ತಿಂಗಳುಗಟ್ಟಲೆ ಮುಂದೂಡಿದೋರಿದಾರೆ. ಪ್ರಾಸ್ಟೇಟ್ ಬಯಾಪ್ಸಿಯಿಂದ ಹಂಗಾಗೋದು ತೀರಾ ತೀರಾ ಅಪರೂಪ, ಬಿಟ್ಟಿದ್ದಕ್ಕೆ ಹರಡೋದೇ ನಿಜವಾದ ಅಪಾಯ. ಗುದನಾಳದ ಮೂಲಕ ಇಲ್ಲಾ ವೃಷಣ ಮತ್ತು ಗುದದ ಮಧ್ಯದ ಚರ್ಮದ ಮೂಲಕ ಸಾಮಾನ್ಯವಾಗಿ ಹತ್ತು ಹನ್ನೆರಡು ಸಣ್ಣ ಚೂರು ತೆಗೀತಾರೆ, ಎಂಆರ್‌ಐಲಿ ಕಂಡ ಜಾಗದಿಂದ ಬೇರೆ ಎರಡ್ಮೂರು. ಚರ್ಮದ ಮೂಲಕ ಮಾಡೋದ್ರಲ್ಲಿ ಇನ್‌ಫೆಕ್ಷನ್ ಭಯ ಕಮ್ಮಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ, ಹಾರ್ಟ್ ಡಾಕ್ಟ್ರನ್ನ ಕೇಳಿ. ಆಮೇಲೆ ಕೆಲವು ದಿನ ಉಚ್ಚೇಲಿ, ಕೆಲವು ವಾರ ವೀರ್ಯದಲ್ಲಿ ರಕ್ತದ ಬಣ್ಣ ಇರ್ಬೋದು, ಅದಕ್ಕೆ ಹೆದರ್ಬೇಡಿ. ಚಳಿಜ್ವರ ಬಂದ್ರೆ ಮಾತ್ರ ಅದೇ ದಿನ ಆಸ್ಪತ್ರೆ.

ರಿಪೋರ್ಟಲ್ಲಿ ಬಿನೈನ್ ಅಂತ ಬಂದ್ರೆ ಆ ಚೂರುಗಳಲ್ಲಿ ಕ್ಯಾನ್ಸರ್ ಇಲ್ಲ. ಕ್ಯಾನ್ಸರ್ ಇದ್ರೆ ಅದು ಎಷ್ಟು ಜೋರು ಅಂತ ತೋರ್ಸೋ ಗ್ಲೀಸನ್ ಸ್ಕೋರ್ ಬರೀತಾರೆ, 6ರಿಂದ 10. 3+3 ಸೇರಿ 6 ಅಂದ್ರೆ ತೀರಾ ನಿಧಾನದ್ದು, ಬಹಳಷ್ಟು ಜನಕ್ಕೆ ಆಪರೇಷನ್ನೂ ಇಲ್ಲ ರೇಡಿಯೇಷನ್ನೂ ಇಲ್ಲ, ನಿಯಮಿತವಾಗಿ ಪಿಎಸ್ಎ, ಎಂಆರ್‌ಐ ಮಾಡ್ತಾ ಕಣ್ಣಿಟ್ಟಿರ್ತಾರೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದ 15 ವರ್ಷದ ಫಲಿತಾಂಶ 2023ರಲ್ಲಿ ಬಂತು, ಗ್ರಂಥಿ ಒಳಗೇ ಇದ್ದ ಕ್ಯಾನ್ಸರ್‌ನವರಲ್ಲಿ ಆಪರೇಷನ್ ಆದೋರು, ರೇಡಿಯೇಷನ್ ಆದೋರು, ಕಣ್ಣಿಟ್ಟು ಕಾದೋರು, ಮೂರೂ ಗುಂಪಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಂದ ತೀರ್ಕೊಂಡೋರು ನೂರಕ್ಕೆ ಸುಮಾರು ಮೂರು ಜನ ಮಾತ್ರ. ಕ್ಯಾನ್ಸರ್ ಅಂದ ಕೂಡ್ಲೇ ಮುಗೀತು ಅನ್ನೋರಿಗೆ ಈ ಲೆಕ್ಕ ಹೇಳಿ. 8ರಿಂದ 10 ಬಂದ್ರೆ ಮಾತ್ರ ತಡ ಮಾಡೋ ಹಾಗಿಲ್ಲ, ಮೂಳೆ ಸ್ಕ್ಯಾನ್ ಇಲ್ಲಾ ಪಿಎಸ್ಎಂಎ ಪೆಟ್ ಸ್ಕ್ಯಾನ್ ಮಾಡಿ ಎಲ್ಲಿಗೆ ಹೋಗಿದೆ ನೋಡಿ ಚಿಕಿತ್ಸೆ ಶುರು ಮಾಡ್ತಾರೆ.

ಎಲ್ಲಿ ತೋರ್ಸೋದು, ಯಾವಾಗಿಂದ

ಯೂರಾಲಜಿಸ್ಟ್, ಅಂದ್ರೆ ಮೂತ್ರರೋಗದ ಡಾಕ್ಟ್ರ ಹತ್ರ ಹೋಗಿ. ಬೆಂಗಳೂರಲ್ಲಿ ಸರ್ಕಾರಿ ಕಡೆ ಅಂದ್ರೆ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ, ಕ್ಯಾನ್ಸರ್ ಅಂತ ಆದ್ರೆ ಕಿದ್ವಾಯಿ ಇದೆ. ಬಿಪಿಎಲ್ ಕಾರ್ಡ್ ಇರೋ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಸಿಗುತ್ತೆ, ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತೆ, ಮೊದಲೇ ವಿಚಾರಿಸ್ಕೊಂಡು ಹೋಗಿ.

ತೊಂದ್ರೆ ಏನೂ ಇಲ್ದೆ ಇರೋರು 50 ಆದ್ಮೇಲೆ ಪಿಎಸ್ಎ ಬೇಕಾ ಅಂತ ಡಾಕ್ಟ್ರ ಹತ್ರ ಕೂತು ಮಾತಾಡಿ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ರೆ ಅಪಾಯ ಸುಮಾರು ಎರಡು ಪಟ್ಟು, 45ಕ್ಕೇ ಆ ಮಾತು ಶುರು ಮಾಡಿ. ಮನೆ ಹೆಂಗಸರಲ್ಲಿ ಚಿಕ್ಕ ವಯಸ್ಸಲ್ಲಿ ಸ್ತನದ, ಅಂಡಾಶಯದ ಕ್ಯಾನ್ಸರ್ ಬಂದಿದ್ರೂ ಹೇಳಿ, ಬಿಆರ್‌ಸಿಎ2 ಅನ್ನೋ ಜೀನ್‌ನ ದೋಷಕ್ಕೆ ಆ ಕ್ಯಾನ್ಸರ್‌ಗಳ ಜೊತೆ ಪ್ರಾಸ್ಟೇಟ್ ಕ್ಯಾನ್ಸರಿಗೂ ಸಂಬಂಧ ಇದೆ. ಎಪ್ಪತ್ತೈದು ಎಂಬತ್ತು ದಾಟಿ ಆರಾಮಾಗಿರೋರಿಗೆ ಸುಮ್ನೆ ಪಿಎಸ್ಎ ಮಾಡ್ಸೋದು ನನ್ನ ಮಟ್ಟಿಗೆ ಒಳ್ಳೇದಲ್ಲ, ಅವರಿಗೆ ಎಂದೂ ತೊಂದ್ರೆ ಕೊಡದ ನಿಧಾನದ ಕ್ಯಾನ್ಸರ್ ಹುಡುಕಿ ಬಾಕಿ ದಿನಗಳನ್ನ ಭಯದಲ್ಲಿ ಕಳೆಯೋ ಹಾಗೆ ಆಗುತ್ತೆ.

ಬರೀ ದಪ್ಪ ಆಗಿದೆ ಅಂತ ಖಚಿತ ಆದ್ಮೇಲೆ

ಟ್ಯಾಮ್ಸುಲೋಸಿನ್ ಥರದ ಮಾತ್ರೆ ಕೊಡ್ತಾರೆ, ಕೆಲವೇ ದಿನದಲ್ಲಿ ಧಾರೆ ಸುಧಾರಿಸುತ್ತೆ. ಎದ್ದು ನಿಂತಾಗ ತಲೆ ಸುತ್ತಬಹುದು, ರಾತ್ರಿ ಎದ್ದಾಗ ಮಂಚದ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ಏಳಿ. ಕಣ್ಣಿನ ಪೊರೆ ಆಪರೇಷನ್ ಇದ್ರೆ ಈ ಮಾತ್ರೆ ವಿಷಯ ಕಣ್ಣಿನ ಡಾಕ್ಟ್ರಿಗೆ ಹೇಳ್ಲೇಬೇಕು, ಪಾಪೆ ಸರಿಯಾಗಿ ಅರಳದೆ ಅವರಿಗೆ ಕಷ್ಟ ಆಗುತ್ತೆ. ಮಾತ್ರೆ ತಗೊಂಡೋ, ಕಷಾಯ ಕುಡಿದೋ ಉಚ್ಚೆ ಸರಾಗ ಆಯ್ತು ಅಂದ್ರೆ ಅದರಿಂದ ಕ್ಯಾನ್ಸರ್ ಇಲ್ಲ ಅಂತ ಆಗಲ್ಲ, ಆ ಪ್ರಶ್ನೆಗೆ ಉತ್ತರ ಮೇಲಿನ ಪರೀಕ್ಷೆಗಳಿಂದನೇ ಬರ್ಬೇಕು.

ಮಾತ್ರೆಗೆ ಬಗ್ಗದೇ ಇದ್ರೆ ಉಚ್ಚೆನಾಳದ ಮೂಲಕನೇ ಹೋಗಿ ಕೆರೆದು ತೆಗೆಯೋ ಟಿಯುಆರ್‌ಪಿ ಇಲ್ಲಾ ಲೇಸರ್ ಆಪರೇಷನ್ ಮಾಡ್ತಾರೆ. ಅದರಲ್ಲಿ ತೆಗೆಯೋದು ನಾಳದ ಸುತ್ತ ಬೆಳೆದಿರೋ ಒಳಭಾಗ ಮಾತ್ರ, ತೆಗೆದಿದ್ದನ್ನ ಪರೀಕ್ಷೆಗೆ ಕಳಿಸಿದ್ರಾ ಅಂತ ಕೇಳಿ ಆ ರಿಪೋರ್ಟ್ ಇಸ್ಕೊಳ್ಳಿ, ಕೆಲವರಿಗೆ ಅಲ್ಲೇ ಕ್ಯಾನ್ಸರ್ ಸಿಕ್ಕಿರುತ್ತೆ. ಹೊರಭಾಗ ಹಾಗೇ ಉಳ್ಕೊಂಡಿರುತ್ತೆ. "ಪ್ರಾಸ್ಟೇಟ್ ತೆಗೆಸಿ ಆಯ್ತು, ಇನ್ನೇನು" ಅಂತ ಫೈಲ್ ಅಟ್ಟಕ್ಕೆ ಹಾಕ್ಬೇಡಿ, ಆಪರೇಷನ್ ಆಗಿ ಕೆಲವು ತಿಂಗಳ ಮೇಲೆ ಒಂದು ಹೊಸ ಪಿಎಸ್ಎ ಮಾಡ್ಸಿ ಆ ನಂಬರ್ ಬರೆದಿಡಿ, ಮುಂದೆ ಏರ್ತಿದ್ಯಾ ಅಂತ ನೋಡೋದು ಅದರ ಲೆಕ್ಕದಲ್ಲೇ.